ಹತ್ತೊಂಬತ್ತನೆಯ ಪುಟ

ಮೊರಬ,
ಫೆಬ್ರುವರಿ 11, 2025

ಪ್ರೀತಿಯ ನೇತ್ರಾ,

ನೆಗಡಿ ಇಳಿಯಿತೇ? ಬೆಲ್ಜಿಯಂ ಚಳಿಗೆ ಒಂದೇ ಸ್ವೆಟರ್ ಸಾಲದು ಎಂದು ಅವ್ವ ದಿನಕ್ಕೆರಡು ಸಲ ನನ್ನನ್ನು ಬೈಯುತ್ತಾಳೆ, ಆ ಚಳಿಯನ್ನು ನಾನೇ ಅಲ್ಲಿ ಇಟ್ಟು ಬಂದಂತೆ. ಇಲ್ಲಿ ಕಡಲೆ ರಾಶಿ ಮುಗಿಯಿತು, ಕಾಲೇಜಿನಲ್ಲಿ ನನ್ನ ಪಾಠವೂ ಮುಗಿಯಿತು. ಕೈಗೆ ಕೆಲಸವಿಲ್ಲ, ಮನಸ್ಸಿಗೆ ಬಿಡುವಿಲ್ಲ. ವಿಡಿಯೋ ಕಾಲ್‌ನಲ್ಲಿ ಅವ್ವ ಇಡೀ ಪರದೆಯನ್ನು ಆಕ್ರಮಿಸುವುದರಿಂದ ಕಾಗದದ ಮೇಲೆ ಬರೆದು ಫೋಟೋ ಕಳಿಸುತ್ತಿದ್ದೇನೆ. ಅಕ್ಷರ ಕಂಡು ನಗಬೇಡ.

ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಹುಚ್ಚಪ್ಪ ಕಾಕಾ ಹಿಡಿದುಕೊಂಡ. “ಅಲ್ಲೋ ಸುಭಾಸ, ನಿನ್ನ ಹೇಣ್ತಿ ಯುರೋಪಿನ ಕಾಯ್ದೆ ಕಲ್ತು ಬಂದು ನವಲಗುಂದ ಕೋರ್ಟಿನ್ಯಾಗ ಯಾರ ಕೇಸ್ ಹಿಡೀತಾಳು? ಅಲ್ಲಿ ಅಂಥಾದ್ದೇನ್ ಕಲಸ್ತಾರ?” ಮನೆಗೆ ಬಂದವನೇ, ನೀನು ಸೆಪ್ಟೆಂಬರಿನಲ್ಲೇ ಸ್ಕ್ಯಾನ್ ಮಾಡಿ ಕಳಿಸಿದ್ದ ಕೋರ್ಸಿನ ಕೈಪಿಡಿಯನ್ನು ಮೊದಲ ಸಲ ಪೂರ್ತಿ ಓದಿದೆ.

ಮೊದಲ ಸೆಮಿಸ್ಟರ್ ಎಲ್ಲ ಕಡ್ಡಾಯ: ಯುರೋಪಿಯನ್ ಒಕ್ಕೂಟದ ಸಂಸ್ಥೆಗಳು, ಅದರ ನ್ಯಾಯಾಲಯದ ಕ್ರಮ, ಒಳಮಾರುಕಟ್ಟೆಯ ಕಾಯ್ದೆ. ಸರಕು, ಜನ, ಸೇವೆ, ಬಂಡವಾಳ ನಾಲ್ಕೂ ದೇಶದಿಂದ ದೇಶಕ್ಕೆ ಅಡ್ಡಿಯಿಲ್ಲದೆ ತಿರುಗಬಹುದಂತೆ; ಇಲ್ಲಿ ನಾನೊಬ್ಬ ನವಲಗುಂದಕ್ಕೆ ಹೋಗಬೇಕಾದರೂ ಬಸ್ಸು ಮನಸ್ಸು ಮಾಡಬೇಕು. ಎರಡನೆಯದರಲ್ಲಿ ಐಚ್ಛಿಕ: ಕಂಪನಿಗಳ ನಡುವಿನ ಸ್ಪರ್ಧೆಯ ಕಾಯ್ದೆ, ಪರಿಸರ, ಖಾಸಗಿ ಮಾಹಿತಿಯ ರಕ್ಷಣೆ, ಬೇಕಾದ್ದನ್ನು ಆರಿಸಿಕೊಳ್ಳಬಹುದು. (ನಮ್ಮ ಮನೆಯಲ್ಲೂ ಇದೇ ಪದ್ಧತಿ: ಅವ್ವ ಕಡ್ಡಾಯ, ನಾನು ಐಚ್ಛಿಕ.) ಒಂದೇ ವರ್ಷದ ಕೋರ್ಸು, ಒಟ್ಟು ಅರವತ್ತು ಕ್ರೆಡಿಟ್, ಒಂದೊಂದಕ್ಕೂ ಇಪ್ಪತ್ತೈದು ತಾಸಿನ ದುಡಿಮೆ. ಕೊನೆಯ ಪ್ರಬಂಧಕ್ಕೆ ಹದಿನೈದು ಎಂದಿದೆ. ಸಂಬಂಧಕ್ಕೆ ಎಷ್ಟು ಎಂದು ಹುಡುಕಿದೆ, ಆ ಕಾಲಮ್ಮೇ ಇಲ್ಲ.

ಹುಡುಕುತ್ತ ಹತ್ತೊಂಬತ್ತನೆಯ ಪುಟಕ್ಕೆ ಬಂದೆ. ಬೇಕಾದವರಿಗೆ ಎರಡನೆಯ ವರ್ಷ, ಲಕ್ಸೆಂಬರ್ಗಿನಲ್ಲಿ, ಒಕ್ಕೂಟದ ನ್ಯಾಯಾಲಯ ಇರುವ ಊರಲ್ಲೇ. ಅರ್ಜಿಗೆ ಕಡೆಯ ದಿನ ಫೆಬ್ರುವರಿ ಹದಿನೈದು. ಅಂಚಿನಲ್ಲಿ ನೀನು ಪೆನ್ಸಿಲ್ಲಿನಿಂದ ಎಳೆದು, ಆಮೇಲೆ ಅಳಿಸಿದ ಗೆರೆ ಸ್ಕ್ಯಾನಿನಲ್ಲೂ ಕಾಣುತ್ತದೆ ನೇತ್ರಾ. ಐದು ತಿಂಗಳಲ್ಲಿ ಒಮ್ಮೆಯೂ ಅದರ ಸುದ್ದಿ ಎತ್ತಲಿಲ್ಲ. “ಜೂನ್ ಮುಗೀತಂದ್ರ ಬಂದ್ಬಿಡ್ತೀನ್ರಿ” ಎಂಬುದೊಂದೇ ಮಾತು. ನನಗೆ ಹೇಳಲಿಲ್ಲವೆಂಬ ಸಿಟ್ಟು ಒಂದು ದಿನ ಇತ್ತು. ನಾನು ಏನೆನ್ನುತ್ತೇನೋ ಎಂದು ನೀನು ಅಂಜಿದೆ ಎಂಬುದು ಮಾತ್ರ ಇನ್ನೂ ಕುಟುಕುತ್ತಿದೆ. ಮನೆಯಲ್ಲಿ ಕೂರಲಾಗದೆ ಹೊಲಕ್ಕೆ ಹೋಗುತ್ತೇನೆ, ಹೊಲದಲ್ಲಿ ನಿಲ್ಲಲಾಗದೆ ಮನೆಗೆ ಬರುತ್ತೇನೆ. ನನ್ನ ಹಿಂದೆ ತಿರುಗಿ ತಿರುಗಿ ನಾಯಿಯೂ ರಾಜೀನಾಮೆ ಕೊಟ್ಟಿದೆ.

ಅವ್ವ ಆಶೀರ್ವಾದ ಹೇಳಿದ್ದಾಳೆ, ಶೇಂಗಾ ಹಿಂಡಿ ಇನ್ನೂ ಉಳಿದಿದೆಯೇ ಎಂಬ ವಿಚಾರಣೆಯ ಸಮೇತ. ವೇಳೆಗೆ ಸರಿಯಾಗಿ ಉಣ್ಣು.

ನಿನ್ನ
ಸುಭಾಸ

ತಾ.ಕ.: ಇವತ್ತು ಬೆಳಿಗ್ಗೆ ಅವ್ವನಿಗೆ ಎಲ್ಲ ಹೇಳಿಬಿಟ್ಟೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಓದಾಕ ಹೋದಾಕಿ ಪೂರಾ ಓದೇ ಬರ್ಲಿ. ಬ್ಯಾಡ ಅಂದಾವ ಯಾವ? ನೀನಾ?” ಎಂದಳು. ಉತ್ತರ ಕೊಡಲು ನನಗೆ ಸಂಜೆಯವರೆಗೆ ಬೇಕಾಯಿತು. ನಾನಲ್ಲ. ಅರ್ಜಿ ತುಂಬು. ಇವತ್ತೇ ತುಂಬು, ನಾಳೆ ಬೆಳಿಗ್ಗೆ ಎದ್ದಾಗಲೂ ನಾನು ಇಷ್ಟೇ ಒಳ್ಳೆಯವನಾಗಿರುತ್ತೇನೆಂಬ ಖಾತ್ರಿ ಇಲ್ಲ.