ಬಂಗುಡೆ ಗಸಿಗೆ ಬಿಳಿ ವೈನು

ಉದ್ಯಾವರ
೧೩-೧-೨೦೨೫, ಸೋಮವಾರ

ಪ್ರೀತಿಯ ಮನೋರಮಾ,

ಮಂಡಿನೋವು ಹೇಗುಂಟು? ಸಿಟ್ಟಿನಲ್ಲಿ ಬಿಪಿ ಮಾತ್ರೆ ಬಿಟ್ಟುಬಿಡಬೇಡ. ನಿನ್ನ ತಂಗಿ ಪುಷ್ಪಾವತಿಯನ್ನೂ ಕೇಳಿದೆನೆಂದು ಹೇಳು. ನೀನು ಕುಕ್ಕುಂದೂರಿನ ಅವಳ ಮನೆಗೆ ಹೋಗಿ ಕುಳಿತು ಹದಿನೆಂಟು ದಿನವಾಯಿತು, ಫೋನು ಎತ್ತುವುದಿಲ್ಲ. ಅದಕ್ಕೇ ಈ ಕಾಗದ. ಹರಿದುಹಾಕುವ ಮೊದಲು ಒಮ್ಮೆ ಓದು ಮಾರಾಯ್ತಿ.

ನಿನ್ನೆ ಮಧ್ಯಾಹ್ನ ಲೀನಾಳನ್ನು ಕರೆದುಕೊಂಡು ಅವಳ ಅಪ್ಪ ಜಾರ್ಜ್ ಶಂಕರಪುರದಿಂದ ಬಂದಿದ್ದರು. ನಮ್ಮ ಕ್ರಮ ತಿಳಿಯದ ಕ್ರಿಶ್ಚಿಯನ್ ಮನೆಯ ಹುಡುಗಿ ಬೇಡ ಎಂದು ನೀನು ಕೂಗಾಡಿದ್ದು ನೆನಪಿದೆ. ಆದರೆ ನಮ್ಮ ರಿತೇಶ್ ಮೂರು ವರ್ಷದಿಂದ ಮದುವೆಯಾದರೆ ಅವಳನ್ನೇ ಎನ್ನುತ್ತಿರುವಾಗ ಬಾಗಿಲು ಹಾಕಿಕೊಳ್ಳಲು ನನ್ನಿಂದಾಗಲಿಲ್ಲ. ತೆಂಗಿನಕಾಯಿ, ಮೆಣಸು ಅರೆದು ಬಂಗುಡೆ ಮೀನಿನ ಗಸಿ ನಾನೇ ಮಾಡಿದೆ. ಜಾರ್ಜ್ ನಾಲ್ಕು ಚೆಂಡಿನ ಒಂದು ಅಟ್ಟೆ ಮಲ್ಲಿಗೆಯನ್ನೂ ಒಂದು ಬಾಟಲಿ ಬಿಳಿ ವೈನನ್ನೂ ತಂದಿದ್ದರು. ಅಲ್ಲಿಂದ ನನ್ನ ತಲೆ ಕೆಟ್ಟಿತು ನೋಡು. ಮಣಿಪಾಲದ ಹೋಟೆಲಿನಲ್ಲಿ ಕೆಲಸ ಮಾಡುವ ನಮ್ಮವನು, "ಅಪ್ಪಾ, ಮೀನಿಗೆ ಬಿಳಿಯದೇ ಸರಿ, ಆದರೆ ಇಷ್ಟು ಖಾರಕ್ಕೆ ಸ್ವಲ್ಪ ಸಿಹಿ ಇರುವಂಥದ್ದು ಬೇಕಿತ್ತು" ಎಂದ. ಗಸಿಗೆ ಹುಣಸೆಹುಳಿ ಹಾಕಿಯಾಗಿದೆ, ವೈನೂ ಹುಳಿಯೇ. ಹುಳಿಯ ಮೇಲೆ ಹುಳಿ ಕುಡಿಯುವುದು ಎಂತ ಕ್ರಮ? ಗಸಿಗೆ ತೆಂಗಿನಹಾಲು ಹೊಯ್ಯಲೇ, ವೈನಿಗೆ ಸಕ್ಕರೆ ಹಾಕಲೇ, ಒಂದೂ ತಿಳಿಯಲಿಲ್ಲ. ನೀನಿದ್ದರೆ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದೆ.

ಒಳ್ಳೆಯ ಮಾತು ಆಡುವ ಮೊದಲು ಹಿರಿಯರಿಗೆ ಬಡಿಸಬೇಕಲ್ಲ. ಒಳಗಿನ ಕೋಣೆಯಲ್ಲಿ ತೀರಿಹೋದ ಅಮ್ಮನಿಗೆ ಎಲೆ ಹಾಕಿ ಗಸಿ ಬಡಿಸಿದೆ. ಅಮ್ಮನಿಗೆ ಮೀನಿನ ಜೊತೆ ಕಳ್ಳು ಬೇಕೇ ಬೇಕು, ನಿನಗೆ ಗೊತ್ತು. ಕಳ್ಳು ಸಿಕ್ಕಿರಲಿಲ್ಲ. ಎಲ್ಲಿಂದ ಬುದ್ಧಿ ಬಂತೋ, ಆ ವೈನಿನ ಬಾಟಲಿಯನ್ನೇ ಎಲೆಯ ಬದಿಯಲ್ಲಿಟ್ಟು, ಅಮ್ಮ ಬಂದು ಉಣ್ಣಲೆಂದು ಕ್ರಮದಂತೆ ಬಾಗಿಲು ಎಳೆದು ಹೊರಗೆ ಬಂದೆ. ಜಾರ್ಜರ ಮುಖ ಸಣ್ಣದಾಯಿತು. ಪ್ರೀತಿಯಿಂದ ತಂದದ್ದನ್ನು ಒಳಗಿಟ್ಟು ಬಾಗಿಲು ಹಾಕಿದರೆ ಯಾರಿಗಾದರೂ ಬೇಸರವೇ. ರಿತೇಶ್ ವಿಷಯ ತಿಳಿಸಿದ ಮೇಲೆ ಅವರು ಎದ್ದು ನಿಂತು, "ಅಮ್ಮ ಮೊದಲು ಕುಡಿಯಲಿ ಭೋಜಣ್ಣ, ನಮಗೆ ಎಂತ ಅರ್ಜೆಂಟ್ ಉಂಟು?" ಎಂದರು. ನನಗೆ ಕಣ್ಣು ತುಂಬಿಬಂತು.

ಆಮೇಲೆ ಬಾಗಿಲು ತೆಗೆದು ಬಾಟಲಿ ಹೊರಗೆ ತಂದು ಎಲ್ಲರೂ ಉಂಡೆವು. ನಾನೂ ನಾಲ್ಕು ಗುಟುಕು ಕುಡಿದೆ, ಬೈಯಬೇಡ. ಮೊದಲ ಗುಟುಕಿಗೆ ಹಲ್ಲು ಜುಮ್ಮೆಂದಿತು, ಮೀನು ತಿಂದು ಕುಡಿದಾಗ ಅಷ್ಟಾಗಲಿಲ್ಲ. ಹೊಂದುತ್ತದೋ ಇಲ್ಲವೋ ಈಗಲೂ ಹೇಳಲಾರೆ. ನೀನಿಲ್ಲದೆ ನಿಶ್ಚಿತಾರ್ಥದ ದಿನ ಗೊತ್ತುಮಾಡುವುದಿಲ್ಲ ಎಂದು ಜಾರ್ಜೇ ಹೇಳಿ ಹೋದರು.

ಪುಷ್ಪಾವತಿಯ ಮನೆಯವರಿಗೆಲ್ಲ ನನ್ನ ನಮಸ್ಕಾರ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ಆದರೆ ಕುಕ್ಕುಂದೂರಿನಲ್ಲಿ ಅಲ್ಲ.

ನಿನ್ನ
ಭೋಜ

ಮರೆತೆನೆಂದಲ್ಲ, ಬರೆಯಲು ಹೆದರಿದೆ: ಬಾಗಿಲು ಎಳೆಯುವ ಮೊದಲು ನಾನು ಲೋಟ ತರಲು ಹೋಗಿದ್ದೆ. ಬರುವಷ್ಟರಲ್ಲಿ ಲೀನಾ ಅಮ್ಮನ ಎಲೆಯ ಪಕ್ಕ ಇನ್ನೊಂದು ಎಲೆ ಹಾಕಿ, ದೊಡ್ಡ ಬಂಗುಡೆ ಬಡಿಸಿ, ಮಲ್ಲಿಗೆ ಇಡುತ್ತಿದ್ದಳು. ಯಾರಿಗೆಂದು ಕೇಳಿದೆ. "ಅತ್ತೆಗೆ. ಅವರೂ ಮನೆಯಲ್ಲಿಲ್ಲ ಅಲ್ವಾ?" ಎಂದಳು. ತೀರಿಹೋದವರಿಗೆ ಮಾತ್ರ ಅಲ್ಲಿ ಎಲೆ ಎಂದು ಪಾಪ ಅವಳಿಗೇನು ಗೊತ್ತು! ಎಲೆಯನ್ನು ಕಿತ್ತೆತ್ತಿ ಮೀನನ್ನು ಬೆಕ್ಕಿಗೆ ಹಾಕಿದೆ. ಹುಡುಗಿ ಅಳುವಂತಾದಳು, ಏಕೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ನೀನೇ ಬಂದು ಅವಳಿಗೆ ಹೇಳಿಕೊಡು. ನಿನ್ನೆಯಿಂದ ನನಗೆ ಧೈರ್ಯವಿಲ್ಲ, ನಿನ್ನನ್ನು ಒಮ್ಮೆ ಕಣ್ಣಾರೆ ನೋಡಬೇಕು. ನಿನ್ನ ಪಾಲಿನ ಗಸಿ ಬೇರೆಯೇ ತೆಗೆದು ಫ್ರಿಜ್ಜಿನಲ್ಲಿಟ್ಟಿದ್ದೇನೆ.