ಆ ಆಟ ಇನ್ನೂ ಆಡಬೇಕಾ, ಅಕ್ಕಾ?

ಶಿರಸಿ
ಶುಕ್ರವಾರ, ಆಗಸ್ಟ್ 22, 2008

ಪ್ರೀತಿಯ ಅಕ್ಕಾ,

ಹೇಗಿದ್ದೀಯಾ? ಕಳೆದ ಸಲ ಫೋನಿನಲ್ಲಿ ಕೆಮ್ಮುತ್ತಿದ್ದೆ, ಈಗ ಕಡಿಮೆ ಆಯ್ತಾ? ಕಾಳುಮೆಣಸಿನ ಕಷಾಯ ಕುಡಿಯಲಿ ಅಂತ ಆಯಿ ಯಲ್ಲಾಪುರದಿಂದ ಹೇಳಿ ಕಳಿಸಿದ್ದಾಳೆ. ನಿನ್ನ ಗಂಡನ ಊರು ದೊಡ್ಮನೆಯಲ್ಲಿ ಮೆಣಸಿಗೆ ಏನು ಕಮ್ಮಿ ಅಂತ ನಾನಂದೆ, ಬೈಸಿಕೊಂಡೆ. ಭಾವ, ಅತ್ತೆ, ಮಾವ ಎಲ್ಲರೂ ಆರಾಮ ತಾನೆ? ನಾನೂ ಆರಾಮ. ಮೊದಲು ಆರಾಮ ಅಂತ ಬರೆದು ಆಮೇಲೆ ಸುದ್ದಿ ಬರೆಯಬೇಕು ಅಂತ ಆಯಿ ಕಲಿಸಿದ್ದು, ಅದಕ್ಕೇ ಬರೆದೆ. ಪೂರ್ತಿ ಆರಾಮ ಏನಲ್ಲ. ನನ್ನ ಕನ್ನಡ ನೋಡಿ ನಗಬೇಡ. ಐದನೇ ಕ್ಲಾಸಿನಿಂದ ಕನ್ನಡ ಮಾತಾಡಿದರೆ ಫೈನ್ ಹಾಕುವ ಹಾಸ್ಟೆಲಿನಲ್ಲಿ ಇದ್ದವನು, ಮನೆಗೆ ಬಂದಾಗ ‘ನಾನು’ ಅಂದರೆ ನೀನು ‘ಆನು ಅನ್ನಲೂ ಬತ್ತಿಲ್ಲೆ ಮಾಣಿಗೆ, ಇಂಗ್ಲೆಂಡಿಂದ ಬಂಜಾ ಇದು?’ ಅಂತ ಆಡಿಕೊಳ್ಳುತ್ತಿದ್ದೆ. ಈಗ ಇಲ್ಲಿ ನನ್ನ ರೂಮಿನ ವೀರಪ್ಪ, ಹಾವೇರಿ ಕಡೆಯವನು, ‘ಏನ್ರೀ ಇಂಗ್ಲಿಷ್ ಸಾಹೇಬ್ರ, ಊಟಕ್ಕ ಬರ್ರಿ, ಅನ್ನಕ್ಕೂ ಅಪಾಯಿಂಟ್‌ಮೆಂಟ್ ಬೇಕೇನ್ರಿ?’ ಅನ್ನುತ್ತಾನೆ. ಒಳ್ಳೆಯವನೇ. ಆದರೆ ಅವನು ತಮಾಷೆ ಮಾಡಿದಾಗ ನಗಬೇಕೋ ಉತ್ತರ ಕೊಡಬೇಕೋ ಅಂತ ನಾನು ಯೋಚಿಸುವುದರೊಳಗೆ ಅವನ ಊಟ ಮುಗಿದಿರುತ್ತದೆ.

ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ. ಅಂಚೆಗೆ ಹಾಕಿದರೆ ಮಾವ ಪ್ರೀತಿಯಿಂದ ಒಡೆದು ಜಗಲಿಯಲ್ಲಿ ಕುಳಿತು ಎಲ್ಲರಿಗೂ ಕೇಳುವ ಹಾಗೆ ಓದುತ್ತಾರೆ. ಹೋದ ಸಲ ನನ್ನ ಮಾರ್ಕ್ಸು ಇಡೀ ಕೇರಿಗೆ ಗೊತ್ತಾಯಿತು. ನಾಳೆ ಭಾವ ಚೌತಿ ಸಾಮಾನು ತರಲು ಪೇಟೆಗೆ ಬರುತ್ತಾರಂತೆ, ಹಾಸ್ಟೆಲ್ ಗೇಟಿನಲ್ಲಿ ಅವರ ಕೈಗೇ ಕೊಡುತ್ತೇನೆ. ಅಂಟಿಸಿದ ಲಕೋಟೆ ಅವರು ತೆರೆಯುವವರಲ್ಲ. ಫೋನಿನಲ್ಲೇ ಕೇಳಬಹುದಿತ್ತು, ಆದರೆ ನಿಮ್ಮ ಫೋನು ಇರುವುದು ಜಗಲಿಯ ನಡುವೆ. ನೀನು ‘ಹೂಂ, ಹೂಂ, ಆತು’ ಅಂತ ಮಾತ್ರ ಹೇಳುತ್ತೀಯಾ. ಅದರಲ್ಲಿ ಯಾವ ಹೂಂ ನಿಜ, ಯಾವುದು ಅತ್ತೆಗೆ ಕೇಳಲಿ ಅಂತ ಹೇಳಿದ್ದು, ನನಗೆ ಗೊತ್ತಾಗುವುದಿಲ್ಲ.

ಕೇಳಬೇಕಾದದ್ದು ಇಷ್ಟೇ. ನಮ್ಮ ಆ ಆಟ, ಕಂಪ್ಯೂಟರಿನಲ್ಲಿ ಗುಂಡು ಹೊಡೆಯುವ ಆಟ, ಅದನ್ನು ಇನ್ನೂ ಆಡಬೇಕಾ? ಹಳೇ ಬಸ್ ಸ್ಟ್ಯಾಂಡ್ ಹತ್ತಿರದ ಸೈಬರ್ ಕೆಫೆಯನ್ನು ಈಗ ಖಾಜಾ ಹುಸೇನ್ ಚಾಚಾ ನೋಡಿಕೊಳ್ಳುವುದಿಲ್ಲ, ಅವರಿಗೆ ಮಂಡಿನೋವು, ಮಗ ಅರ್ಮಾನ್ ಕೂರುತ್ತಾನೆ. ನಿನ್ನ ಜೊತೆ ಆಡುತ್ತಿದ್ದ ಅದೇ ಅರ್ಮಾನ್. ಹೊಸ ಆಟ ಹಾಕಬೇಕು, ಹುಡುಗರೆಲ್ಲ ಅದನ್ನೇ ಕೇಳುತ್ತಾರೆ, ಹಳೆಯದನ್ನು ತೆಗೆಯದೆ ಜಾಗವಿಲ್ಲ ಅಂತಾನೆ. ಆದರೆ ತೆಗೆಯಲು ಅವನಿಗೂ ಮನಸ್ಸಿಲ್ಲ. ‘ಅರೇ ಭಾಯ್, ಈ ಮುದುಕ ಆಟಕ್ಕೆ ಬರೋನು ನೀನೊಬ್ಬನೇ. ನೀನು ಇರಲಿ ಅಂದ್ರೆ ಒಂದು ಮಷೀನಲ್ಲಿ ಇಡ್ತೀನಿ, ಬೇಡ ಅಂದ್ರೆ ಖತಂ. ಚೌತಿ ಗಿರಾಕಿ ಬರೋದ್ರೊಳಗೆ ಹೇಳಿಬಿಡು’ ಅಂದ. ನನಗೆ ಕ್ಯಾಂಟೀನಿನಲ್ಲಿ ಟೀ ಬೇಕೋ ಕಾಫಿ ಬೇಕೋ ಅಂತ ಹೇಳಲೇ ಹೊತ್ತು ಬೇಕು. ಇದನ್ನು ಹೇಗೆ ಹೇಳಲಿ? ಅದು ನಿನ್ನ ಆಟ. ಅದು ಹೋದರೆ ನಾವಿಬ್ಬರೂ ಒಟ್ಟಿಗಿದ್ದ ಜಾಗವೇ ಹೋಗುತ್ತದೆ. ನಮಗೆ ಬೇರೆ ಜಾಗ ಇತ್ತಾ, ನೀನೇ ಯೋಚನೆ ಮಾಡು. ನಾನು ಹಾಸ್ಟೆಲಿಗೆ ಹೋಗುವಾಗ ನಿನಗೆ ಎರಡು ಜಡೆ. ರಜೆಗೆ ಬಂದರೆ ನಾನು ನೆಂಟನ ಹಾಗೆ ಇರುತ್ತಿದ್ದೆ. ನೀನು ಶಿರಸಿಗೆ ಕಾಲೇಜಿಗೆ ಬಂದು, ಭಾನುವಾರ ಮಧ್ಯಾಹ್ನ ಚಾಚಾನ ಕೆಫೆಯ ಮೂಲೆಯ ಮಷೀನಿನಲ್ಲಿ ಕೂರತೊಡಗಿದ ಮೇಲೆ, ಅದೇ ಹೊತ್ತಿಗೆ ನಮ್ಮ ಶಾಲೆಯ ಕಂಪ್ಯೂಟರ್ ಲ್ಯಾಬ್ ಬಾಗಿಲೂ ತೆಗೆಯುತ್ತಿದ್ದುದರಿಂದ, ನಾನು ನಿನ್ನನ್ನು ಆಟದೊಳಗೆ ಕಂಡದ್ದು. ಕಂಡದ್ದೆಂದರೆ ಹಸಿರು ಟೋಪಿ ಹಾಕಿದ ಒಬ್ಬ ಸಿಪಾಯಿಯನ್ನು. ಅಷ್ಟಾದರೂ, ಗೋಡೆಯಾಚೆ ಓಡುವವಳು ನೀನೋ ಬೇರೆಯವರೋ ಅಂತ ಹೆಜ್ಜೆಯ ಸದ್ದಿನಲ್ಲೇ ನನಗೆ ಗೊತ್ತಾಗುತ್ತಿತ್ತು. ನೀನು ಮೂಲೆಗೆ ಬಂದ ಕೂಡಲೇ ಒಮ್ಮೆ ನಿಲ್ಲುತ್ತಿದ್ದೆ. ಬೇರೆ ಯಾರೂ ನಿಲ್ಲುತ್ತಿರಲಿಲ್ಲ.

ಆಟ ಹೇಗಿದೆ ಅಂತ ಕೇಳಿದರೆ ಸುಳ್ಳು ಹೇಳುವುದಿಲ್ಲ, ತುಂಬ ಹಳೆಯದಾಗಿದೆ. ಆಗ ನಮಗೆ ಕಾಣುತ್ತಿರಲಿಲ್ಲ. ಈಗ ನೋಡಿದರೆ ಸಿಪಾಯಿಗಳ ಮುಖ ರಟ್ಟಿನ ಪೆಟ್ಟಿಗೆಗೆ ಬಣ್ಣ ಹಚ್ಚಿದ ಹಾಗಿದೆ, ಬೆರಳುಗಳೇ ಇಲ್ಲ, ಬಂದೂಕು ಅಂಗೈಗೆ ಅಂಟಿಕೊಂಡಿದೆ. ನೀರು ಅಂದರೆ ನೀಲಿ ಚಾದರ. ಹೊಸ ಆಟದಲ್ಲಿ ಹುಲ್ಲು ಅಲ್ಲಾಡುತ್ತದೆ, ಓಡಿದರೆ ಏದುಸಿರು ಕೇಳುತ್ತದೆ. ಆದರೂ ನಮ್ಮ ಆಟದ ಸದ್ದು, ಗುರಿ, ಅಲ್ಲಿನ ಓಣಿಗಳು, ಅವು ಒಂದು ಚೂರೂ ಕೆಟ್ಟಿಲ್ಲ. ಕೆಟ್ಟಿರುವುದು ಜನ. ಎಲ್ಲಿ ಯಾರು ಆಡುತ್ತಿದ್ದಾರೆ ಅಂತ ಸರ್ವರ್ ಪಟ್ಟಿ ತೆಗೆದರೆ ಉದ್ದಕ್ಕೂ ಖಾಲಿ ಕೋಣೆಗಳು, ಎಲ್ಲೋ ಒಂದರಲ್ಲಿ ನಾಲ್ಕೈದು ಜನ. ಅವರು ವರ್ಷಗಟ್ಟಲೆ ಅದೊಂದನ್ನೇ ಆಡಿದವರು. ಹೊಸಬ ಬಂದರೆ ಬಾಗಿಲು ದಾಟುವ ಮೊದಲೇ ಹೊಡೆದು ಕೆಡವುತ್ತಾರೆ, ಮತ್ತೆ ಎದ್ದರೆ ಮತ್ತೆ. ಅವನು ಹೋಗಿಬಿಡುತ್ತಾನೆ. ಆಮೇಲೆ ‘ಯಾರೂ ಬರುವುದಿಲ್ಲ, ಆಟ ಸತ್ತಿತು’ ಅಂತ ಅವರೇ ಬರೆಯುತ್ತಾರೆ. ವಯಸ್ಸಾಗಿ ಸತ್ತದ್ದಲ್ಲ ಅಕ್ಕಾ. ಬಂದವರನ್ನು ಬಾ ಅನ್ನುವವರಿಲ್ಲದೆ ಸತ್ತದ್ದು.

ನೀನಿದ್ದಾಗ ಹಾಗಿರಲಿಲ್ಲ. ಶಿರಸಿಯವರ ಪದ್ಧತಿ ಅಂತ ಹುಬ್ಬಳ್ಳಿಯ ಟೀಮಿನವರು ಗೇಲಿ ಮಾಡುತ್ತಿದ್ದರಲ್ಲ, ನೆನಪಿದೆಯಾ? ಹೊಸಬ ಬಂದರೆ ನೀನು ಗುಂಡು ಹೊಡೆಯಲು ಬಿಡುತ್ತಿರಲಿಲ್ಲ. ಮೊದಲು ಹತ್ತಿರ ಹೋಗಿ ನಿನ್ನ ಔಷಧಿ ಪೆಟ್ಟಿಗೆಯನ್ನು ಅವನ ಕಾಲ ಬುಡದಲ್ಲಿ ಇಡುತ್ತಿದ್ದೆ. ‘ಮನೆಗೆ ಬಂದವ್ಕೆ ಆಸರಿಗೆ ಕೊಡದೆ ಮಾತಾಡ್ಸಲಾಗ’ ಅಂತ ಇಂಗ್ಲಿಷ್ ಅಕ್ಷರದಲ್ಲಿ ನನಗೆ ಟೈಪ್ ಮಾಡಿದ್ದೆ. ನಮ್ಮ ಕಡೆ ಬಂದವರ ಕೈಗೆ ಬೆಲ್ಲ ನೀರು ಕೊಟ್ಟೇ ಎಂತ ಸಮಾಚಾರ ಅಂತ ಕೇಳುವುದು ಅಂತ ನನಗೆ ನೆಟ್ಟಗೆ ತಿಳಿದದ್ದು ಆ ಆಟದಲ್ಲೇ, ಮನೆಯಲ್ಲಲ್ಲ. ಕೆಲವರು ಅದನ್ನು ಬಾಂಬು ಅಂದುಕೊಂಡು ಓಡುತ್ತಿದ್ದರು. ಕೆಲವರು ಪೆಟ್ಟಿಗೆ ತೆಗೆದುಕೊಂಡು ನಿನ್ನನ್ನೇ ಹೊಡೆಯುತ್ತಿದ್ದರು. ನೀನು ಎದ್ದು ಬಂದು ಮತ್ತೊಂದು ಇಡುತ್ತಿದ್ದೆ. ‘ಅಕ್ಕಂಗೆ ಹುಚ್ಚು’ ಅಂತ ಅರ್ಮಾನ್ ಕಿರುಚುತ್ತಿದ್ದನಂತೆ. ಆದರೆ ಹಾಗೆ ಆಸರಿಗೆ ಕುಡಿದವರೇ ತಿಂಗಳುಗಟ್ಟಲೆ ನಮ್ಮ ಜೊತೆ ಉಳಿದರು. ನಿನ್ನ ಮದುವೆಯಾದ ಮೇಲೆ ಆ ಕೆಲಸ ನಾನು ಮಾಡಿ ನೋಡಿದೆ. ಹೋದ ಭಾನುವಾರ ಒಬ್ಬ ಹೊಸಬ ಗೋಡೆಗೆ ಮುಖ ಮಾಡಿ ನಿಂತಿದ್ದ, ತಿರುಗುವುದು ಹೇಗೆ ಅಂತಲೂ ಅವನಿಗೆ ಗೊತ್ತಿದ್ದಂತಿರಲಿಲ್ಲ. ಮೆಲ್ಲಗೆ ಹೋಗಿ ಪೆಟ್ಟಿಗೆ ಇಟ್ಟೆ. ಹಿಂದಿನಿಂದ ನಮ್ಮ ಟೀಮಿನವನೇ ಒಬ್ಬ ಅವನನ್ನೂ ನನ್ನನ್ನೂ ಒಟ್ಟಿಗೆ ಬೈದ, ‘ಇಬ್ಬರೂ ದಂಡ’ ಅಂತ. ಎದುರಿನವರು ಅಷ್ಟರಲ್ಲಿ ಇಬ್ಬರನ್ನೂ ಮುಗಿಸಿದರು. ಹೊಸಬ ಹೊರಟುಹೋದ. ನಾನೊಬ್ಬನೇ ಎಷ್ಟು ಜನಕ್ಕೆ ಅಂತ ಬಾ ಅನ್ನಲಿ? ಕಾಲೇಜಿನಲ್ಲಿ ನನಗೇ ಯಾರೂ ಬಾ ಅಂದಿಲ್ಲ.

ಕೋಪ ಮಾಡಿಕೊಳ್ಳಬೇಡ, ಇನ್ನೊಂದು ಬರೆಯುತ್ತೇನೆ. ಕಾಲೇಜು ಶುರುವಾದ ವಾರ ನಾನು ಸಿದ್ದಾಪುರದ ಬಸ್ಸು ಹತ್ತಿ ನಿಮ್ಮಲ್ಲಿಗೆ ಬಂದೆನಲ್ಲ. ದಾರಿಯುದ್ದಕ್ಕೂ ಏನೇನೋ ಹೇಳಬೇಕು ಅಂತ ಇಂಗ್ಲಿಷಿನಲ್ಲಿ ಸಾಲು ಜೋಡಿಸಿಕೊಂಡಿದ್ದೆ, ಅದನ್ನು ಕನ್ನಡ ಮಾಡಿಕೊಂಡಿದ್ದೆ. ಮೆಟ್ಟಿಲು ಹತ್ತಿದರೆ ನೀನು ಸೆರಗು ಸಿಕ್ಕಿಸಿಕೊಂಡು ಒಳಗಿನಿಂದ ಬಂದು, ತಟ್ಟೆಯಲ್ಲಿ ಬೆಲ್ಲ, ತಂಬಿಗೆಯಲ್ಲಿ ನೀರು ತಂದು ನನ್ನ ಮುಂದೆ ಇಟ್ಟೆ. ‘ತಗ ತಮಾ, ಆಸರಿಗೆ ಕುಡಿ’ ಅಂದೆ. ಎಲ್ಲರಿಗೂ ಇಡುವ ಹಾಗೆಯೇ. ಅದರಲ್ಲಿ ತಪ್ಪೇನಿಲ್ಲ, ಪದ್ಧತಿ. ಆದರೆ ನಾನು ಆ ಬೆಲ್ಲವನ್ನು ತಟ್ಟೆಯಲ್ಲೇ ಬಿಟ್ಟೆ. ಆಟದಲ್ಲಿ ನೀನು ನನಗೆ ಯಾವತ್ತೂ ಪೆಟ್ಟಿಗೆ ಇಟ್ಟವಳಲ್ಲ. ನಾನು ಹೊಸಬ ಆಗಿರಲಿಲ್ಲ. ಆಮೇಲೆ ಕುಳಿತೆವು. ಕಾಲೇಜು ಹೇಗಿದ್ದು ಅಂತ ನೀನು ಕೇಳಿದೆ, ಚೊಲೋ ಇದ್ದು ಅಂತ ನಾನಂದೆ. ಮೆಸ್ ಊಟ ಹೇಗಿದ್ದು ಅಂತ ಕೇಳಿದೆ, ಅಡ್ಡಿಲ್ಲೆ ಅಂತ ನಾನಂದೆ. ಅಲ್ಲಿಗೆ ನಮ್ಮ ಮಾತು ಮುಗಿಯಿತು. ಅತ್ತೆ ‘ಅಕ್ಕ ತಮ್ಮ ಇಬ್ರೂ ಮೌನವ್ರತನಾ ಇಂದು?’ ಅಂತ ನಗಾಡಿದರು. ನಾನು ಮೆಲ್ಲಗೆ, ಆಟದ ಆ ಎರಡು ಬಾಗಿಲಿನ ಗೋಡೌನ್ ಮ್ಯಾಪಿನಲ್ಲಿ ಈಗ ಎಲ್ಲರೂ ಛಾವಣಿ ಮೇಲಿಂದ ಬರುತ್ತಾರೆ ಅಂದೆ. ಆಗ ನಿನ್ನ ಮುಖ! ‘ಏಣಿ ಹತ್ರ ಒಬ್ಬವ ನಿಂತ್ರೆ ಸಾಕಲಾ ಅದಕ್ಕೆ’ ಅಂದೆ ನೀನು, ಹಳೆಯ ಧ್ವನಿಯಲ್ಲಿ. ಅಷ್ಟರಲ್ಲಿ ಮಾವ ‘ಯಾವ ಏಣಿ?’ ಅಂದರು. ನೀನು ‘ಎಂತಿಲ್ಲೆ ಮಾವ’ ಅಂತ ತಂಬಿಗೆ ತೆಗೆದುಕೊಂಡು ಒಳಗೆ ಹೋದೆ. ನೀನು ಕೆಫೆಯಲ್ಲಿ ಕುಳಿತು ಗುಂಡು ಹೊಡೆಯುತ್ತಿದ್ದೆ ಅಂತ ಅವರಿಗೆ ಹೇಳಿಲ್ಲ ಅಂತ ನನಗೆ ಆಗ ಗೊತ್ತಾಯಿತು. ಹೇಳಿದರೆ ಅವರೇನು ಬೈಯುತ್ತಿದ್ದರಾ? ಬೈಯುವವರ ಹಾಗೆ ಕಾಣುವುದಿಲ್ಲ. ಆದರೂ ನಿನಗೆ ಹೇಳಲಾಗಲಿಲ್ಲ ಅಂದರೆ ಏನೋ ಇರಬೇಕು, ಕೇಳಲು ನನಗೆ ಬರುವುದಿಲ್ಲ. ನಾಲ್ಕು ಗಂಟೆಯ ಬಸ್ಸಿಗೆ ಹೋಗುತ್ತೇನೆ ಅಂದೆ. ಆ ಹೊತ್ತಿಗೆ ಬಸ್ಸು ಇತ್ತೋ ಇಲ್ಲವೋ ನನಗೂ ಗೊತ್ತಿರಲಿಲ್ಲ.

ಅವತ್ತಿನಿಂದ ಪ್ರತಿ ಭಾನುವಾರ ನಾನು ಕೆಫೆಗೆ ಹೋಗುವುದು ಗೆಲ್ಲಲು ಅಲ್ಲ. ನೀನು ಕೂರುತ್ತಿದ್ದ ಮೂಲೆಯ ಮಷೀನಿನಲ್ಲೇ ಕೂರುತ್ತೇನೆ. ಸರ್ವರಿನಲ್ಲಿ ಓಣಿ ಓಣಿ ತಿರುಗುತ್ತೇನೆ. ಒಮ್ಮೊಮ್ಮೆ ಯಾರೋ ಓಡಿ ಬಂದು ಮೂಲೆಯಲ್ಲಿ ನಿಂತ ಹಾಗೆ ಕೇಳುತ್ತದೆ. ಸಿದ್ದಾಪುರ ಪೇಟೆಯಲ್ಲೂ ಕೆಫೆ ಇದೆಯಂತಲ್ಲ, ನೀನೇನಾದರೂ ಬಂದೆಯಾ ಅಂತ ಓಡಿಹೋಗಿ ನೋಡುತ್ತೇನೆ. ನೋಡಲು ಹೋದವನನ್ನು ಅವನು ಹೊಡೆಯುತ್ತಾನೆ. ಇಷ್ಟೇ ನನ್ನ ಆಟ. ಇದು ಆಡುವುದಕ್ಕೆ ಯೋಗ್ಯವಾ ಅಂತ ಯಾರಾದರೂ ಕೇಳಿದರೆ ಇಲ್ಲ ಅಂತಲೇ ಹೇಳಬೇಕು. ಆದರೆ ತೆಗೆದುಬಿಡು ಅಂತ ಹೇಳಲು ಬಾಯಿ ಬರುತ್ತಿಲ್ಲ. ನೀನು ಒಂದು ಮಾತು ಹೇಳಿದರೆ ಸಾಕು. ಚೌತಿಗೆ ಯಲ್ಲಾಪುರಕ್ಕೆ ಬರುವಾಗ ಶಿರಸಿಯಲ್ಲೇ ಬಸ್ಸು ಬದಲಿಸಬೇಕಲ್ಲ, ಆ ನಡುವೆ ಒಂದೇ ಒಂದು ಆಟ ಆಡಿಹೋಗುತ್ತೀಯಾ? ನಾನು ಛಾವಣಿ ನೋಡಿಕೊಳ್ಳುತ್ತೇನೆ, ನೀನು ಏಣಿ. ಆಗದಿದ್ದರೆ ಆಗುವುದಿಲ್ಲ ಅಂತ ಬರೆ. ‘ನೋಡನ’ ಅಂತ ಮಾತ್ರ ಬರೆಯಬೇಡ. ನೋಡೋಣ ಅಂದರೆ ನಾನು ಕಾಯುತ್ತಲೇ ಇರುತ್ತೇನೆ.

ಮಾವನಿಗೆ, ಅತ್ತೆಗೆ ನನ್ನ ನಮಸ್ಕಾರ ಹೇಳು. ಭಾವನಿಗೆ ನಾಳೆ ನಾನೇ ಹೇಳುತ್ತೇನೆ, ಹೇಳಲು ಧೈರ್ಯ ಬಂದರೆ. ಕಷಾಯ ಮರೆಯಬೇಡ.

ನಿನ್ನ ತಮ್ಮ,
ವೈಭವ

ತಾ.ಕ.: ಶನಿವಾರ ಬೆಳಿಗ್ಗೆ. ಭಾವನ ಜೀಪು ಗೇಟಿನ ಹತ್ತಿರ ನಿಂತಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಕಾ, ನಿನ್ನ ಉತ್ತರಕ್ಕೆ ಕಾಯಲಿಲ್ಲ. ಈಗ ತಿಂಡಿಗೆ ಮುಂಚೆ ಅರ್ಮಾನ್ ಫೋನ್ ಮಾಡಿದ್ದ, ಹಿಂದೆ ಹುಡುಗರ ಗಲಾಟೆ, ‘ಬೋಲೋ ಭಾಯ್, ಹೌದಾ ಅಲ್ವಾ’ ಅಂದ. ತೆಗೆದುಬಿಡು ಅಂತ ಬಾಯಿಗೆ ಬಂದುಬಿಟ್ಟಿತು. ಅವನು ‘ಸರಿ, ಅಕ್ಕನಿಗೆ ಸಲಾಂ ಹೇಳು’ ಅಂದ. ಮತ್ತೆ ಫೋನ್ ಮಾಡಿ ತೆಗೆಯಬೇಡ ಅನ್ನೋಣ ಅಂತ ಎಷ್ಟೋ ಸಲ ಅಂದುಕೊಂಡೆ, ಆಗಲಿಲ್ಲ. ಈಗ ಭಾನುವಾರ ಮಧ್ಯಾಹ್ನ ನಾನು ಎಲ್ಲಿಗೂ ಹೋಗಬೇಕಾಗಿಲ್ಲ. ಮುಂದಿನ ಭಾನುವಾರ ನಿಮ್ಮಲ್ಲಿಗೆ ಬರಲಾ? ಮಾತಾಡಲು ನನ್ನ ಹತ್ತಿರ ಏನೂ ಇಲ್ಲ, ಸುಮ್ಮನೆ ಕೂತಿರುತ್ತೇನೆ, ನೀನು ಕೆಲಸ ಮಾಡುತ್ತಿರು. ನಮ್ಮ ಶಾಲೆಯ ಹಾಸ್ಟೆಲಿನಲ್ಲಿ ಅಪ್ಪಯ್ಯ ನನ್ನನ್ನು ನೋಡಲು ಬಂದರೂ ಪುಸ್ತಕದಲ್ಲಿ ಕಾರಣ ಬರೆಯಬೇಕಿತ್ತು. ನಿಮ್ಮ ಮನೆಯಲ್ಲಿ ಬಂದದ್ದು ಎಂತಕ್ಕೆ ಅಂತ ಕೇಳಿದರೆ ನಾನು ಏನು ಹೇಳಬೇಕು? ಭಾವನನ್ನೇ ಕೇಳೋಣ ಅಂದರೆ ಅವರು ವಾಚ್‌ಮನ್ ಹತ್ತಿರ ನಗುತ್ತ ಮಾತಾಡುತ್ತಿದ್ದಾರೆ, ನಡುವೆ ಹೋಗಲು ಆಗುತ್ತಿಲ್ಲ. ಯಾವ ಕಾರಣ ಹೇಳಲಿ ಅಂತ ನೀನೇ ಬರೆದು ಕಳಿಸು, ಹಾಗೇ ಹೇಳುತ್ತೇನೆ.