ನಾದಿಟ್ಟ ಹಿಟ್ಟಿನ ಸಾಕ್ಷಿ

ಹಲಸಂಗಿ
ತಾ. ೧೨-೬-೧೯೭೪

ಪ್ರೀತಿಯ ನಿಮಗೆ, ಕಸ್ತೂರಿಯ ನಮಸ್ಕಾರಗಳು. (ನಿಮ್ಮ ಹೆಸರು ಬರೆಯುವುದಿಲ್ಲ. ಲಕೋಟೆಯ ಮೇಲೆ ಬರೆಯುವಾಗಲೇ ನಾಚಿಕೆಯಾಯಿತು.)

ಆಣೆಕಟ್ಟಿನ ಧೂಳಿಗೆ ಹಿಡಿದಿದ್ದ ಕೆಮ್ಮು ಕಡಿಮೆಯಾಯಿತೇ? ನಿಡಗುಂದಿಯ ಖಾನಾವಳಿ ಊಟ ಮೈಗೆ ಹತ್ತುತ್ತಿದೆಯೇ? ಇಲ್ಲಿ ಅತ್ತೆಯವರ ಮೊಣಕಾಲು ನೋವು ಇದ್ದಂತೆಯೇ ಇದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ಇಷ್ಟು ಕುಶಲ ಸಾಕು, ನನಗೆ ತಡೆಯಲಾಗುತ್ತಿಲ್ಲ. ಕೊಲೆ ಮಾಡಿದವರು ಯಾರೆಂದು ಪತ್ತೆಯಾಯಿತು!

ರಜೆ ಮುಗಿಸಿ ಹೊರಡುವಾಗ ಆ ಪತ್ತೇದಾರಿ ಕಾದಂಬರಿಯ ಕೊನೆಯ ಹದಿನಾರು ಪುಟ ಕಿತ್ತು ಕಿಸೆಗೆ ಹಾಕಿಕೊಂಡು, "ಯಾರು ಕೊಂದ್ರು, ಯಾಕ ಕೊಂದ್ರು, ಎರಡೂ ಹೇಳು. ಆಮ್ಯಾಗ ನಿನ್ನ ಟ್ರೇನಿಂಗ್ ಮಾತು" ಎಂದು ನಕ್ಕಿರಲ್ಲ, ನಿಮಗೆ ಅದು ಚೇಷ್ಟೆ. ನನಗೆ ಹಾಗಲ್ಲ. ವಿಜಾಪುರದ ಶಿಕ್ಷಕಿಯರ ತರಬೇತಿಗೆ ಅರ್ಜಿ ಮುಟ್ಟಲು ಇದೇ ಇಪ್ಪತ್ತು ಕೊನೆಯ ದಿನ, ಈ ವರ್ಷ ತಪ್ಪಿದರೆ ನನ್ನ ವಯಸ್ಸು ಮೀರುತ್ತದೆ. ಅದಕ್ಕೇ ಪುಸ್ತಕವನ್ನು ಮೂರು ಸಲ ಓದಿದೆ. ಮೂರನೆಯ ಸಲ ಅತ್ತೆಯವರಿಗೆ ಕೇಳುವಂತೆ ಗಟ್ಟಿಯಾಗಿ ಓದಿದೆ.

ಕಾದಂಬರಿಯ ದೇಸಾಯಿಯನ್ನು ಕೊಂದವನು ಆಸ್ತಿಗೆ ಬಾಯಿ ಬಿಡುವ ಆ ಅಳಿಯ ಎಂದು ನೀವೂ ನಾನೂ ತಿಳಿದಿದ್ದೆವು. ಅವನಲ್ಲ. ವಾಡೆಯ ಅಡುಗೆಯವಳು ರಾಮವ್ವ! ಫೌಜದಾರನ ಮುಂದೆ ಅವಳು ಹೇಳಿದ್ದು ನೆನಪಿದೆಯೇ? ಬೆಳಿಗ್ಗೆಯೇ ಜೋಳದ ಹಿಟ್ಟು ನಾದಿಟ್ಟಿದ್ದೆ, ಸಂಜೆಯೆಲ್ಲ ಅದರ ರೊಟ್ಟಿ ಬಡಿಯುತ್ತಿದ್ದೆ, ಒಲೆ ಬಿಟ್ಟು ಎದ್ದಿಲ್ಲ ಎಂದು. ಪುಣ್ಯಾತ್ಮ ಬುಟ್ಟಿ ತುಂಬ ರೊಟ್ಟಿ ನೋಡಿ ನಂಬಿಬಿಟ್ಟ. ದಿನಾ ರೊಟ್ಟಿ ಬಡಿಯುವ ನಾನೂ ಎರಡು ಸಲ ಆ ಸಾಲು ದಾಟಿ ಹೋಗಿದ್ದೆ. ಅತ್ತೆಯವರು ಮಾತ್ರ ಪುಂಡಿ ಸೊಪ್ಪು ಸೋಸುವುದನ್ನು ನಿಲ್ಲಿಸಿ, "ಏ ಕಸ್ತೂರಿ, ಎಸರ ಹಾಕಿ ನಾದಿದ ಜ್ವಾಳದ ಹಿಟ್ಟು ಸಂಜೀತನ ಇರ್ತೈತೇನ? ಬಡಿಯಾಕ ಹ್ವಾದ್ರ ಬಿರಕೊಂಡ ಹೋಗ್ತೈತಿ. ಆಕಿ ಸುಳ್ಳ ಹೇಳಾಕತ್ತಾಳ!" ಎಂದರು. ನಾನು ಪುಸ್ತಕ ಬಿಟ್ಟು ಎದ್ದು ಕುಣಿದೆ. ರೊಟ್ಟಿ ಬೆಳಿಗ್ಗೆಯೇ ಆಗಿದ್ದವು, ಸಂಜೆ ಕೊಲೆಯಾದ ಹೊತ್ತಿಗೆ ಅವಳು ಒಲೆಯ ಮುಂದೆ ಇರಲೇ ಇಲ್ಲ!

ಇನ್ನು ಯಾಕೆ ಎಂಬುದು. ಹಿತ್ತಲಲ್ಲಿ ದೇಸಾಯಿ ಕಲ್ಲು ತುಂಬಿಸಿ ಮುಚ್ಚಿಸಿದ ಬಾವಿ ಇದೆಯಲ್ಲ, ಅದರ ಮೇಲೆ ರಾಮವ್ವ ಅಮಾವಾಸ್ಯೆಗೊಮ್ಮೆ ರೊಟ್ಟಿ ಇಟ್ಟು ಬರುತ್ತಾಳೆ. ಅದೇ ವಾಡೆಯಲ್ಲಿ ಕೆಲಸಕ್ಕಿದ್ದ ಅವಳ ತಂಗಿ ಊರು ಬಿಟ್ಟು ಓಡಿಹೋದಳೆಂದು ದೇಸಾಯಿ ಹೇಳಿದ್ದ. ಓಡಿಹೋದವಳಿಗೆ ಯಾರಾದರೂ ಎಡೆ ಇಡುತ್ತಾರೆಯೇ? ಅವಳು ಆ ಬಾವಿಯಲ್ಲೇ ಇದ್ದಾಳೆ. ಕಾರಣ ಆಸ್ತಿಯಲ್ಲ, ತಂಗಿ! ಇದು ಹೊಳೆದಾಗ ನನಗೆ ಅಳುವೇ ಬಂತು.

ಒಂದೇ ಅಳುಕು. ಕಾದಂಬರಿ ಬರೆದವರು ಗಂಡಸರು, ಹಿಟ್ಟಿನ ಸಂಗತಿ ತಿಳಿಯದೆ ಬರೆದಿದ್ದರೆ ನಾನು ಕೆಟ್ಟೆ. ಆ ಪುಟ ತೆಗೆದು ನೋಡಿ, ಇದ್ದದ್ದು ಇದ್ದಂತೆ ಬರೆಯಿರಿ.

ಕೆಮ್ಮಿಗೆ ಶುಂಠಿ ಕಷಾಯ ಮರೆಯಬೇಡಿ. ಅತ್ತೆಯವರ ಆಶೀರ್ವಾದ ಈ ಕಾಗದದ ಜೊತೆಗೇ ಬರುತ್ತಿದೆ.

ನಿಮ್ಮ
ಕಸ್ತೂರಿ

ತಾ.ಕ.: ಟಪಾಲು ಹೊರಡುವ ಹೊತ್ತಾಯಿತು. ನಿಮ್ಮ ಉತ್ತರ ಬಂದ ಮೇಲೆ ಕಳಿಸೋಣವೆಂದು ನಾನು ಅರ್ಜಿ ಹಿಡಿದು ಕೂತಿದ್ದೆ, ಈಗ ತಾನೇ ಅದು ಟಪಾಲಿಗೆ ಬಿತ್ತು. ಹಾಕಿಸಿದವರು ಯಾರೆಂದು ಪತ್ತೆ ಮಾಡುವ ಕಷ್ಟ ನಿಮಗೆ ಬೇಡ. ಪಾಲಕರ ಸಹಿಯ ಜಾಗದಲ್ಲಿ ಹೆಬ್ಬೆಟ್ಟಿನ ಗುರುತಿದೆ, ಸುತ್ತ ಜೋಳದ ಹಿಟ್ಟೂ ಹತ್ತಿದೆ. ಯಾಕೆ ಎಂಬುದನ್ನೂ ಅವರೇ ಹೇಳಿದರು: "ಕಡೀ ಹಾಳಿ ಅವನ ಕಿಸೇದಾಗ ಇರ್ಲಿ. ನಿನ್ನ ಹಾಳಿ ಇಲ್ಲೈತಿ, ತಾ ಇಲ್ಲೆ."